ಹಿಮಗುಹೆಯಲ್ಲಿ ಜಾರಿದ ಇಷ್ಟಲಿಂಗ

ನಾನು ಡಾಕ್ಟರಾಗಿರುವ ಸರ್ಜರಿಯ, ಎಂದರೆ ಕ್ಲಿನಿಕ್ಕಿನ, ರಿಸೆಪ್ಶನಿಸ್ಟ್‌ಗೆ ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಮೊಟ್ಟೆ ತರುವ ಅಭ್ಯಾಸ. ಆಕೆ ಡಬ್ಬಿಯ ಮುಚ್ಚಳ ತೆಗೆದಳೆಂದರೆ ಸ್ಟಾಫ್ ರೂಮಿನಲ್ಲಿದ್ದವರು ಮೂಗು ಮುರಿಯುತ್ತಾ ಕಿಟಕಿ ತೆರೆಯುತ್ತಾರೆ. ನಾನು ಮಾತ್ರ ಮ್ಯಾಂಚೆಸ್ಟರ್ ಬಳಿಯ ಸ್ಟಾಕ್‌ಪೋರ್ಟಿನ ಈ ಹಳೆಯ ಕಟ್ಟಡದಲ್ಲಿ ಕೂತಲ್ಲೇ ಐಸ್‌ಲ್ಯಾಂಡಿನ ಒಂದು ಹೋಟೆಲಿನ ಬಚ್ಚಲುಮನೆಯ ಬಾಗಿಲಿಗೆ ಹೋಗಿ ನಿಂತುಬಿಡುತ್ತೇನೆ. ಒಳಗಿನಿಂದ ನಮ್ಮ ಅತ್ತೆಯವರ ದನಿ ಕೇಳುತ್ತದೆ. "ಮಾಂತೇಶಾ, ಈ ನೀರು ತತ್ತಿ ನಾರತೈತಿ. ಇದರಾಗ ಜಳಕ ಮಾಡಿ ನಾ ಲಿಂಗ ಹೆಂಗ ಮುಟ್ಲಿ?"

ಅಲ್ಲಿ ಬಿಸಿನೀರು ನೆಲದೊಳಗಿನಿಂದ ಬರುತ್ತದೆ, ಅದಕ್ಕೇ ಗಂಧಕದ ವಾಸನೆ, ಮೊಟ್ಟೆಗೂ ಇದಕ್ಕೂ ಸಂಬಂಧವಿಲ್ಲ ಎಂದು ನನ್ನ ಗಂಡ ಮಹಾಂತೇಶ ಬಾಗಿಲ ಆಚೆಯಿಂದಲೇ ಪಾಠ ಮಾಡಿದರು. ಅವರು ರೈಲ್ವೆ ಸೇತುವೆಗಳ ಎಂಜಿನಿಯರು, ಯಾವುದನ್ನಾದರೂ ವಿವರಿಸಿದರೆ ಅದು ಸರಿಹೋಗುತ್ತದೆ ಎಂದು ನಂಬಿದವರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ತಣ್ಣೀರಿನ ನಲ್ಲಿಗೆ ಆ ವಾಸನೆ ಇರಲಿಲ್ಲವಾದ್ದರಿಂದ, ಹೊರಗೆಲ್ಲ ಹಿಮ ಹಾಸಿರುವಾಗ, ಎಪ್ಪತ್ತು ದಾಟಿದ ಆ ಹೆಂಗಸು ತಣ್ಣೀರನ್ನೇ ಮೈಮೇಲೆ ಸುರಿದುಕೊಂಡರು. ಹೊರಗೆ ಬಂದಾಗ ತುಟಿ ನೀಲಿಯಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಅತ್ತೆ ಶಾಂತವ್ವ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿದವರು. ಮಾವ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ರೊಟ್ಟಿ ಬಡಿದು, ಊರ ಮಂದಿಗೆ ಉಣ್ಣಿಸಿ, ಮಗನನ್ನು ಓದಿಸಿದರು. ಯಾರಾದರೂ ಸಾಕು ಎಂದರೆ ಅದನ್ನು ನಂಬುವ ಜಾಯಮಾನ ಅವರದಲ್ಲ. ಆದರೆ ತಾವು ಮಾತ್ರ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸುವ ತನಕ ಹನಿ ನೀರು ಮುಟ್ಟುವವರಲ್ಲ. ಅದು ಅವರಿಗೆ ಗುರು ಕೊಟ್ಟ ಲಿಂಗ, ಸಾಯುವ ತನಕ ಮೈಮೇಲೆ ಇರಬೇಕಾದದ್ದು, ಸತ್ತರೆ ಜೊತೆಗೇ ಮಣ್ಣಿಗೆ ಹೋಗಬೇಕಾದದ್ದು. ನಾನೂ ಲಿಂಗಾಯತರ ಮನೆಯವಳೇ, ಮೈಸೂರು ಕಡೆಯವಳು. ನನ್ನ ಲಿಂಗವನ್ನು ಮೆಡಿಕಲ್ ಕಾಲೇಜಿನ ಹಾಸ್ಟೆಲಿಗೆ ಹೋಗುವಾಗ ಅಮ್ಮನ ದೇವರಮನೆಯಲ್ಲಿ ಬಿಟ್ಟೆ. ಈಗಲೂ ಅಲ್ಲೇ ಇದೆ.

ಆ ಚಳಿಗಾಲ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ನವೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಇಳಿದ ದಿನದಿಂದ ಮೋಡ ಕರಗಲಿಲ್ಲ. ಸಂಜೆ ನಾಲ್ಕಕ್ಕೇ ಕತ್ತಲು. ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು, ಸೂರ್ಯನಿಗೂ ಇಲ್ಲಿ ರಜೆಯೇನು ಎಂದು ಕೇಳುತ್ತಿದ್ದರು. ಒಂದು ಭಾನುವಾರ ಸ್ನೇಹಿತರೊಂದಿಗೆ ಎರಡು ಗಂಟೆ ದೂರದ ಟಿವಿಡೇಲಿನ ಬಾಲಾಜಿ ಗುಡಿಗೆ ಕರೆದುಕೊಂಡು ಹೋದೆವು. ವಾಪಸು ಬರುವಾಗ ಮೋಟರ್‌ವೇಯಲ್ಲಿ ಅತ್ತೆಯ ಅಭಿಪ್ರಾಯ ಕೇಳಿದೆ. "ಪ್ರಸಾದ ಛಲೋ ಇತ್ತವಾ. ದೇವ್ರು ನೋಡಾಕ ಇಷ್ಟು ದೂರ ಪೆಟ್ರೋಲ್ ಯಾಕ ಸುಟ್ರಿ? ನನ್ನ ಕೊರಳಾಗ ಅದಾನಲ್ಲ" ಎಂದರು.

ನನ್ನ ಜಗಳ ಅವರ ದೇವರೊಂದಿಗಲ್ಲ, ಸಕ್ಕರೆ ಕಾಯಿಲೆಯೊಂದಿಗೆ. ಮೈ ಹಗುರಾಗಿದೆ ಅನ್ನಿಸಿದ ದಿನ ಮಾತ್ರೆ ಬಿಡುತ್ತಿದ್ದರು. ಡಿಸೆಂಬರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಎದೆ ಒಡೆಯುವಂಥ ಅಂಕಿ. ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, ರೋಗಿಗಳಿಗೆ ಎಂದೂ ಮಾಡದಷ್ಟು ಜೋರು ಮಾಡಿದೆ. ಕಾಲು ಕತ್ತರಿಸುವ ತನಕದ ಕಥೆಯನ್ನೆಲ್ಲ ಹೇಳಿದೆ. ಅವರು ಕೈಗಂಟಿದ ಹಿಟ್ಟು ಒರೆಸಿಕೊಂಡು, ನನ್ನ ಅಂಗೈ ಮೇಲೆ ಅಂಗೈ ಇಟ್ಟರು. "ಭಾಷಿ ಕೊಟ್ಟೆ ನೋಡು. ಇನ್ನ ಒಂದು ದಿನಾನೂ ಗುಳಗಿ ತಪ್ಪಸೂದಿಲ್ಲ." ಅಂದಿನಿಂದ ನಿಜವಾಗಿಯೂ ತಪ್ಪಿಸಲಿಲ್ಲ. ನಾನು ಗೆದ್ದೆ ಎಂದುಕೊಂಡು ಒಂದು ವಾರ ಬೀಗಿದೆ.

ಐಸ್‌ಲ್ಯಾಂಡಿಗೆ ಹೋಗುವ ಯೋಚನೆ ಬಂದದ್ದು ಮಗಳು ಅನನ್ಯಾಳಿಂದ. ಶಾಲೆಯಲ್ಲಿ ಜ್ವಾಲಾಮುಖಿಯ ಪಾಠ ನಡೆಯುತ್ತಿತ್ತು. ಫೆಬ್ರವರಿಯ ಹಾಫ್ ಟರ್ಮ್ ರಜೆಯಲ್ಲಿ ಹೋಗೋಣವೆಂದು ಅಪ್ಪನ ಬೆನ್ನು ಬಿದ್ದಳು. ಅಜ್ಜಿಯನ್ನು ಒಪ್ಪಿಸಲು ಫೋನಿನಲ್ಲಿ ಹಿಮಗುಹೆಯ ಚಿತ್ರ ತೋರಿಸಿದಳು. ಒಪ್ಪಿಸುವ ಕೆಲಸವೇ ಬೀಳಲಿಲ್ಲ. ಅಮರನಾಥಕ್ಕೆ ಹೋಗಬೇಕೆಂದು ವರ್ಷಾನುಗಟ್ಟಲೆ ಆಸೆಪಟ್ಟು, ಖಾನಾವಳಿಗೆ ಬೀಗ ಹಾಕುವ ಹೊತ್ತಿಗೆ ವಯಸ್ಸು ಮೀರಿದೆ ಎಂದು ಪರವಾನಗಿ ಸಿಗದೆ ಉಳಿದವರು ಅವರು. ಚಿತ್ರದ ನೀಲಿ ಹಿಮವನ್ನು ಬೆರಳಿನಿಂದ ಸವರಿ, "ಇಲ್ಲಿಗೆ ಕರಕೊಂಡು ಹೋಗ್ರಿ. ಅಲ್ಲಿ ಕುಂತು ಒಮ್ಮೆ ಲಿಂಗ ನೋಡಿದ್ರ ನನಗ ಸಾಕು" ಎಂದರು.

ಐಸ್‌ಲ್ಯಾಂಡಿನಲ್ಲಿ ಎರಡನೆಯ ದಿನ ಬೆಳಿಗ್ಗೆ, ಆ ತಣ್ಣೀರ ಜಳಕವಾದ ಮೇಲೆ, ಅತ್ತೆ ಪೂಜೆ ಮಾಡಿ, ಸ್ಟಾಕ್‌ಪೋರ್ಟಿನಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು, ಮಾತ್ರೆ ನುಂಗಿ ಹೊರಟರು. ಇಳಕಲ್ ಸೀರೆಯನ್ನು ಗೈಡ್ ಕೊಟ್ಟ ರಬ್ಬರಿನಂಥ ಪ್ಯಾಂಟಿನೊಳಗೆ ತುರುಕಿಕೊಂಡು, ತಲೆಗೆ ಹೆಲ್ಮೆಟ್ಟು, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ನಿಂತಾಗ ಅನನ್ಯಾ ನಕ್ಕು ನಕ್ಕು ಸುಸ್ತಾದಳು. "ಅಜ್ಜಿ, ಯು ಲುಕ್ ಲೈಕ್ ಆನ್ ಆಸ್ಟ್ರೊನಾಟ್!" ನಮ್ಮ ಗೈಡ್ ಹೆಲ್ಗಾ ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು. ದೊಡ್ಡ ಚಕ್ರದ ವಾಹನದಲ್ಲಿ ಹಿಮನದಿಯ ಅಂಚಿಗೆ ಕರೆದೊಯ್ದು, ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯಬೇಕು, ಹೇಳಿದಾಗ ತಕ್ಷಣ ಹೊರಬರಬೇಕು ಎಂದು ತಾಕೀತು ಮಾಡಿದಳು. ಎರಡು ದಿನದಿಂದ ಗಾಳಿ ಬೆಚ್ಚಗಾಗಿದೆ, ಅದು ತನಗೆ ಹಿಡಿಸುತ್ತಿಲ್ಲ ಎಂದಳು.

ಒಳಗೆ ಎಲ್ಲವೂ ನೀಲಿ. ಗೋಡೆಯ ಹಿಮದಲ್ಲಿ ಹಳೆಯ ಜ್ವಾಲಾಮುಖಿಗಳ ಬೂದಿ ಕಪ್ಪು ಪಟ್ಟೆಗಳಾಗಿ ಉಳಿದಿತ್ತು. ಅತ್ತೆ ಅದನ್ನು ನೋಡಿ, "ಗುಡ್ಡಾನೂ ವಿಭೂತಿ ಹಚ್ಚಿಕೊಂಡೈತಿ" ಎಂದರು. ಮೇಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಕಾಲ ಕೆಳಗೆಲ್ಲೋ ನೀರು ಹರಿಯುವ ಸದ್ದು. ಎಲ್ಲರೂ ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದಾಗ ಅತ್ತೆ ಗೋಡೆಯ ಪಕ್ಕ ಮಂಡಿಯೂರಿ, ಗ್ಲೌಸ್ ಕಳಚಿ, ಕರಡಿಗೆ ತೆರೆದರು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಗೋಡೆಯಿಂದಿಳಿಯುವ ಹನಿಯನ್ನು ಅದರ ಮೇಲೆ ಬೀಳಿಸಿಕೊಂಡರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹೆಲ್ಗಾ ಹೊರಡಿ ಎಂದು ಕೂಗಿದಳು. ಅತ್ತೆ ಏಳಲು ಹೋದರು. ಚಳಿಗೆ ಬೆರಳು ಮರಗಟ್ಟಿತ್ತು. ಕೈಯಲ್ಲಿ ಲಿಂಗ ಇದೆಯೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಾಗಲಿಲ್ಲ. ಟಕ್ ಎಂದು ಸದ್ದಾಯಿತು, ಇನ್ನೊಂದು ಸಲ ಟಕ್, ಲಿಂಗ ಹಿಮದ ಮೇಲೆ ಜಾರುತ್ತಾ ಹೋಗಿ ಗೋಡೆಯ ಬುಡದ ಬಿರುಕಿನೊಳಗೆ ಇಳಿದುಬಿಟ್ಟಿತು.

ಟಾರ್ಚ್ ಬಿಟ್ಟರೆ ಕಾಣುತ್ತಿತ್ತು. ಕೈಗೆಟುಕದಷ್ಟು ಆಳದಲ್ಲಿ, ಹಿಮದ ನಡುವೆ ಕಪ್ಪಗೆ ಹೊಳೆಯುತ್ತಾ ಕೂತಿತ್ತು. ಮಹಾಂತೇಶ ಅಂಗಾತ ಬಿದ್ದು, ಬೋರಲು ಬಿದ್ದು, ಭುಜ ಸವೆಯುವ ಹಾಗೆ ತೋಳು ಇಳಿಸಿದರು. ಹೆಲ್ಗಾ ಕೋಲು ಇಳಿಸಿದಾಗ ಲಿಂಗ ಇನ್ನೂ ಒಂದು ಗೇಣು ಕೆಳಗೆ ಸರಿಯಿತು. ಮೇಲಿನಿಂದ ಹನಿಗಳು ಜೋರಾದವು, ಎಲ್ಲೋ ಒಂದು ತುಂಡು ಮುರಿದು ಬಿತ್ತು. ಎಲ್ಲರೂ ಈಗಲೇ ಹೊರಗೆ ಎಂದಳು ಹೆಲ್ಗಾ. ಅತ್ತೆ ಹಿಮದ ಮೇಲೆ ಕೂತುಬಿಟ್ಟರು.

"ನೀವು ಹೋಗ್ರಿ. ನಾ ಇಲ್ಲೇ ಕುಂಡರ್ತೀನಿ. ಅದನ್ನ ಬಿಟ್ಟು ಬರಾಕ ಆಗೂದಿಲ್ಲ."

"ಅವ್ವಾ, ಮ್ಯಾಲಿಂದ ಬೀಳಾಕತ್ತೈತಿ. ಏಳವಾ, ಕೈ ಮುಗೀತೀನಿ!"

ಮಗ ಬೇಡಿದರು, ನಾನು ಗದರಿದೆ, ಅವರು ಕದಲಲಿಲ್ಲ. ಕೊನೆಗೆ ಹೆಲ್ಗಾ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಏನು ಎಂದು ಕೇಳಿದಳು. ನಾನು ಕಲ್ಲು, ಪ್ರಾರ್ಥನೆ ಎಂದೇನೋ ತೊದಲುತ್ತಿದ್ದಾಗ ಅನನ್ಯಾ ಅಳುತ್ತಲೇ ಹೇಳಿದಳು. "ಇಟ್ಸ್ ಹರ್ ಗಾಡ್. ಶೀ ಡಸಂಟ್ ಹ್ಯಾವ್ ಅನದರ್ ಒನ್." ಹೆಲ್ಗಾ ಅತ್ತೆಯ ಮರಗಟ್ಟಿದ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು, ಈ ರಾತ್ರಿ ಚಳಿ ಬಿಗಿದು ಹಿಮ ಗಟ್ಟಿಯಾದರೆ ನಾಳೆ ಬೆಳಕು ಹರಿಯುತ್ತಲೇ ಹಗ್ಗ, ಇಕ್ಕಳ ತೆಗೆದುಕೊಂಡು ತಾನೇ ಬಂದು ಇಳಿಯುತ್ತೇನೆ ಎಂದಳು. ಅನನ್ಯಾ ಅದನ್ನು ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದಳು. ಅತ್ತೆ ಹೆಲ್ಗಾಳ ಮುಖವನ್ನೇ ನೋಡಿ ಎದ್ದರು.

ಹೋಟೆಲಿಗೆ ಬಂದಮೇಲೆ ಅಸಲಿ ಭಯ ಶುರುವಾಯಿತು. ಲಿಂಗ ಕೈಗೆ ಬರುವ ತನಕ ಅನ್ನವಿಲ್ಲ, ನೀರಿಲ್ಲ ಎಂದು ಅತ್ತೆ ಹೇಳಿದರು. ದನಿ ಏರಿಸಲಿಲ್ಲ, ಅಳಲಿಲ್ಲ. ಲಿಂಗ ಕಳೆದುಕೊಂಡವರು ಪ್ರಾಣವನ್ನೇ ಬಿಡುತ್ತಿದ್ದರಂತೆ ಎಂಬ ಕಥೆಗಳನ್ನು ಕೇಳಿಕೊಂಡೇ ಬೆಳೆದ ಮಹಾಂತೇಶ ಬಿಳುಚಿಕೊಂಡು ಕೂತರು. ಸಿಗದಿದ್ದರೆ ಗುರುಗಳಿಂದ ಹೊಸದು ಪಡೆಯಬಹುದಲ್ಲ ಎಂದೆ. "ಗುರು ಹುಬ್ಬಳ್ಳ್ಯಾಗ ಅದಾರ" ಎಂದರು. ಅಂದರೆ ಹುಬ್ಬಳ್ಳಿ ಮುಟ್ಟುವ ತನಕ ಉಪವಾಸ! ನನ್ನ ತಾಳ್ಮೆ ಹಾರಿಹೋಯಿತು.

"ಅತ್ತೆ, ನಿಮಗೆ ಸಕ್ಕರೆ ಕಾಯಿಲೆ ಇದೆ. ಇದು ಭಕ್ತಿಯಲ್ಲ, ಹಟ. ಕಲ್ಲಿಗಾಗಿ ಯಾರಾದರೂ ಸಾಯ್ತಾರಾ?"

ಅವರು ನನ್ನ ಬರಿ ಕೊರಳು ನೋಡಿದರು. "ನಿನ್ನ ಮೈಮ್ಯಾಲ ಲಿಂಗ ಇಲ್ಲ. ನಿನಗ ಹೆಂಗ ತಿಳೀಬೇಕು?"

ಆ ಮಾತು ನೇರವಾಗಿ ಚುಚ್ಚಿತು. ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ನಾನು ಎದ್ದು ಪಕ್ಕದ ಕೋಣೆಗೆ ಹೋದೆ. ಊಟವಿಲ್ಲದೆ ಮಾತ್ರೆ ತೆಗೆದುಕೊಂಡರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ, ನಾಳೆ ಬೆಳಿಗ್ಗೆ ಮಾತ್ರೆ ಬೇಡ ಎಂದು ನಾನು ಹೇಳಿದೆನೆಂದು ನಿಮ್ಮ ಅವ್ವನಿಗೆ ಹೇಳಿ ಎಂದು ಗಂಡನಿಗೆ ಮೂರು ಸಲ ಹೇಳಿ ಕಳಿಸಿದೆ. ಅವರು ಬಂದು, "ಹೇಳೀನಿ. ಹೂಂ ಅಂದಾಳ" ಎಂದರು. ಬೆಳಿಗ್ಗೆ ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡಿದ್ದೂ ಅವರೇ. ಅಂಕಿ ಚೆನ್ನಾಗಿಯೇ ಇತ್ತು.

ಆ ದಿನ ಹೋಟೆಲ್ ಬಿಡಬೇಕಿತ್ತು. ರಾಜಧಾನಿಗೆ ಮರಳುವ ದಾರಿಯಲ್ಲಿ, ಸಾವಿರಾರು ವರ್ಷದಿಂದ ಮಲಗಿರುವ ಜ್ವಾಲಾಮುಖಿಯೊಂದರ ಬಾಯಿ ನೋಡುವುದು ನಮ್ಮ ಯೋಜನೆಯಲ್ಲಿತ್ತು. ಹೆಲ್ಗಾಳ ಫೋನು ಬರುವ ತನಕ ಗೋಡೆ ನೋಡುತ್ತಾ ಕೂರುವುದಕ್ಕಿಂತ, ಆಸ್ಪತ್ರೆ ಇರುವ ಊರಿನ ಕಡೆಗೆ ಹತ್ತಿರವಾಗುವುದೇ ವಾಸಿ ಎಂದು ನಾನೇ ಒತ್ತಾಯಿಸಿದೆ. ಕಾರಿನಲ್ಲಿ ನನ್ನ ಕಣ್ಣು ಫೋನಿನ ಮೇಲೆ, ಮಹಾಂತೇಶರದು ಕನ್ನಡಿಯಲ್ಲಿ ಕಾಣುವ ಅವ್ವನ ಮೇಲೆ.

ಜ್ವಾಲಾಮುಖಿ ಎಂದರೆ ದೊಡ್ಡದೊಂದು ಕುಳಿ. ಕೆಮ್ಮಣ್ಣಿನ ಇಳಿಜಾರು, ತಳದಲ್ಲಿ ಹೆಪ್ಪುಗಟ್ಟಿದ ಕೆರೆ, ಸುತ್ತ ನೆತ್ತಿ ಸೀಳುವ ಗಾಳಿ. ಅನನ್ಯಾ ಅಂಚಿನಲ್ಲಿ ನಿಂತು ಪಾಠದಲ್ಲಿ ಓದಿದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸುತ್ತಿದ್ದಳು. ಅತ್ತೆ ಹತ್ತು ಹೆಜ್ಜೆ ನಡೆದು ಬೆಂಚಿನ ಮೇಲೆ ಕೂತರು. ನಾನು ಮಾತು ಬಿಟ್ಟಿದ್ದರೂ ಅವರ ಮೇಲಿನ ಕಣ್ಣು ತೆಗೆದಿರಲಿಲ್ಲ. ಆ ಗಾಳಿಯಲ್ಲಿ, ಅವರ ಹಣೆಯ ಮೇಲೆ ಬೆವರು.

"ಅತ್ತೆ?"

"ಆ ರೊಟ್ಟಿ ತಿರುವಿ ಹಾಕ, ಸುಡಾಕತ್ತಾವು" ಎಂದರು. "ಹೊರಗ ಮಂದಿ ಕಾಯಾಕತ್ತಾರ."

ಸಕ್ಕರೆ ಇಳಿದು ಬುದ್ಧಿ ಮಂಕಾಗಿತ್ತು. ಬೆರಳು ಚುಚ್ಚಿದೆ. ಇಲ್ಲಿನ ಲೆಕ್ಕದಲ್ಲಿ ನಾಲ್ಕರ, ಅಂದರೆ ನಮ್ಮೂರಿನ ಲೆಕ್ಕದ ಎಪ್ಪತ್ತರ ಕೆಳಗೆ ಹೋದರೆ ಅಪಾಯ. ಅವರದು ಎರಡಕ್ಕೆ ಬಂದಿತ್ತು. ಚೀಲದಲ್ಲಿ ಗ್ಲೂಕೋಸ್ ಜೆಲ್ ಇತ್ತು. ಟ್ಯೂಬಿನ ಮುಚ್ಚಳ ತಿರುವುತ್ತಿದ್ದಾಗ ಮಹಾಂತೇಶ ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಸುಮಾ, ಬಾಯಾಗ ಹಾಕಬ್ಯಾಡ. ಎದ್ದಮ್ಯಾಲೆ ಅವ್ವ ನಮ್ಮನ್ನ ಜೀವನದಾಗ ಕ್ಷಮಿಸೂದಿಲ್ಲ."

"ಎದ್ದರೆ ತಾನೆ ಕ್ಷಮಿಸೋದು? ಕೈ ಬಿಡ್ರೀ!"

ಅವರು ಬಿಟ್ಟರು. ಅತ್ತೆಗೆ ಏನು ಅರ್ಥವಾಯಿತೋ, ಹಲ್ಲು ಬಿಗಿದರು. ಖಾನಾವಳಿಯ ಭ್ರಮೆಯಲ್ಲಿದ್ದವರಿಗೆ ಆ ಒಂದು ವಿಷಯ ಮಾತ್ರ ಮರೆತಿರಲಿಲ್ಲ. ನಾನು ಅವರ ದವಡೆ ಹಿಡಿದು, ಕೆನ್ನೆಯ ಒಳಗೆ ಹೆಬ್ಬೆರಳು ತೂರಿಸಿ ಜೆಲ್ ಹಿಂಡಿದೆ. ಅವರು ಕಚ್ಚಿದರು. ರಕ್ತ ಬಂತು. ನಾನು ಬೆರಳು ತೆಗೆಯಲಿಲ್ಲ, ಗಂಟಲು ನೀವುತ್ತಾ ನುಂಗಿಸಿದೆ. ಅನನ್ಯಾ ಮುಖ ಮುಚ್ಚಿಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಅವರ ಕಣ್ಣು ತಿಳಿಯಾಯಿತು. ನಾಲಿಗೆಯಿಂದ ತುಟಿ ಸವರಿಕೊಂಡರು. ಸಿಹಿ ತಿಳಿದಿರಬೇಕು.

"ನನಗೇನಾರ ತಿನಿಸಿದಿಯೇನು?"

ಇಲ್ಲ ಎನ್ನಬಹುದಿತ್ತು. ಮಹಾಂತೇಶ ಕಣ್ಣಿನಲ್ಲೇ ಬೇಡುತ್ತಿದ್ದರು. "ಹೌದು, ತಿನಿಸಿದೆ" ಎಂದೆ. "ಮಾತ್ರೆ ತಗೊಂಡಿದ್ರಾ?"

"ತಗೊಂಡೆ. ನೀರಿಲ್ಲದ ನುಂಗಿದೆ. ನಿನಗ ಭಾಷಿ ಕೊಟ್ಟಿದ್ನಲ್ಲ."

"ಬೇಡ ಅಂತ ಇವರ ಕೈಲಿ ಹೇಳಿ ಕಳಿಸಿದ್ದೆನಲ್ಲ!"

"ಅಂವ ಎಂಜಿನಿಯರ. ಗುಳಗಿ ವಿಷಯ ಅಂವಗೇನು ತಿಳೀತೈತಿ? ಭಾಷಿ ಕೊಟ್ಟಿದ್ದು ನಿನಗ. ನೀ ಬಂದು ಹೇಳಬೇಕಿತ್ತು."

ದೇವರಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡು, ನನಗೆ ಕೊಟ್ಟದ್ದನ್ನೂ ಉಳಿಸಿಕೊಂಡು, ಎರಡರ ನಡುವೆ ಜೀವ ಕಳೆದುಕೊಳ್ಳಲು ಹೊರಟಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅಪಾಯ ಮುಗಿದಿರಲಿಲ್ಲ. ಆ ಮಾತ್ರೆಯ ಪ್ರಭಾವ ದಿನವಿಡೀ ಇರುತ್ತದೆ, ಜೆಲ್ಲಿನದು ಹೆಚ್ಚೆಂದರೆ ಅರ್ಧ ಗಂಟೆ. ಬಿಸ್ಕತ್ತು ಹಿಡಿದೆ. ಅವರು ಬಾಯಿ ಬಿಗಿದುಕೊಂಡು ತಲೆಯಾಡಿಸಿದರು. ಈಗ ಅವರಿಗೆ ಪೂರ್ತಿ ಎಚ್ಚರವಿತ್ತು. ಎಚ್ಚರವಿದ್ದವರು ಬೇಡ ಎಂದರೆ ಬೇಡ, ಬಲವಂತ ಮಾಡುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ. ನಾನು ಕಲಿತದ್ದು ಅದು, ಕಿರಿಯರಿಗೆ ಕಲಿಸುವುದೂ ಅದೇ.

ಆಗಲೇ ಹೆಲ್ಗಾಳ ಫೋನು ಬಂತು. ಲಿಂಗ ಸಿಕ್ಕಿತ್ತು. ರಾತ್ರಿ ಚಳಿ ಬಿಗಿದು ನೀರು ನಿಂತಿದ್ದರಿಂದ ಹೆಲ್ಗಾ ಬಿರುಕಿನ ಬಾಯಿಯನ್ನು ಕೊಡಲಿಯಿಂದ ಅಗಲ ಮಾಡಿ, ತಲೆಕೆಳಗಾಗಿ ಇಳಿದು ತೆಗೆದಿದ್ದಳು. ತಾನು ಆ ಕಡೆಯಿಂದ ಹೊರಡುತ್ತೇನೆ, ನೀವು ಈ ಕಡೆಯಿಂದ ಬನ್ನಿ, ನಡುವೆ ಒಂದು ಪೆಟ್ರೋಲ್ ಬಂಕ್ ಇದೆ ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೂ ಲಿಂಗ ಕೈಗೆ ಬರುವ ತನಕ ಬಿಸ್ಕತ್ತು ಮುಟ್ಟಲಾರೆ ಎಂದರು. ಮಹಾಂತೇಶ ಹಿಮದ ರಸ್ತೆಯಲ್ಲಿ ಎಂದೂ ಓಡಿಸದ ಹಾಗೆ ಓಡಿಸಿದರು. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಬೆರಳು ಚುಚ್ಚುತ್ತಾ, ಇಳಿಯುತ್ತಿರುವ ಅಂಕಿ ನೋಡುತ್ತಾ ಕೂತೆ. ಅರ್ಧ ದಾರಿಯಲ್ಲಿ ಅವರ ತಲೆ ನನ್ನ ಭುಜಕ್ಕೆ ವಾಲಿತು, ಮಾತು ಮತ್ತೆ ರೊಟ್ಟಿಯ ಕಡೆ ತಿರುಗಿತು. ಇನ್ನೊಂದು ಟ್ಯೂಬ್ ತೆಗೆದೆ. ಮತ್ತೆ ಹಲ್ಲು, ಮತ್ತೆ ಹೆಬ್ಬೆರಳು. ಈ ಸಲ ಮಹಾಂತೇಶ ಏನೂ ಹೇಳಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಹೆಲ್ಗಾ ಉಣ್ಣೆಯ ಟೋಪಿಯಲ್ಲಿ ಸುತ್ತಿಟ್ಟ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹಾಗೆ ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹೊತ್ತಿಗೆ ಚೇತರಿಸಿಕೊಂಡಿದ್ದ ಅತ್ತೆ ಕಾರಿನಲ್ಲೇ ಕೂತು, ಬಾಟಲಿಯ ನೀರಲ್ಲಿ ಲಿಂಗ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟು ದಿಟ್ಟಿಸಿದರು. ಆಮೇಲೆ ರೊಟ್ಟಿಯ ಗಂಟು ಬಿಚ್ಚಿಸಿ, ಮುರಿದು, ಮೊದಲ ತುಂಡು ಹೆಲ್ಗಾಗೆ ಕೊಟ್ಟರು. ಮಗನಿಗೆ ಕೊಟ್ಟರು, ಮೊಮ್ಮಗಳಿಗೆ ಕೊಟ್ಟರು. ತಾವು ತಿಂದರು. ನನಗೆ ಕೊಡಲಿಲ್ಲ.

ಸ್ಟಾಕ್‌ಪೋರ್ಟಿಗೆ ಮರಳಿದ ಮೇಲೂ ಅವರು ನನ್ನೊಂದಿಗೆ ಮಾತಾಡಲಿಲ್ಲ. ಸರ್ಜರಿಯಿಂದ ಬಂದರೆ ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಿತ್ತು, ಸಾಕು ಎಂದರೂ ಬೀಳುತ್ತಿತ್ತು, ಮಾತು ಮಾತ್ರ ಇಲ್ಲ. ಏನಾದರೂ ಬೇಕಿದ್ದರೆ, "ನಿಮ್ಮವ್ವಗ ಹೇಳ" ಎಂದು ಅನನ್ಯಾಳಿಗೆ ಹೇಳುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ನನಗೆ ಮುಟ್ಟಿಸುತ್ತಿದ್ದಳು. ಮಾರ್ಚ್ ಕಳೆಯಿತು, ಹಿತ್ತಲಿನಲ್ಲಿ ಹಳದಿ ಡ್ಯಾಫೊಡಿಲ್ ಹೂಗಳು ಬಂದು ಹೋದವು. ನನಗೆ ಪಶ್ಚಾತ್ತಾಪವಿರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಆ ಮೌನ ನನ್ನನ್ನು ಬೇಯಿಸಿಹಾಕಿತು. ನನ್ನದು ಸರಿ ಎಂದು ಗೊತ್ತಿದ್ದೂ ಅವರ ಮುಂದೆ ತಲೆಯೆತ್ತಿ ಉಣ್ಣಲಾಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಅವರನ್ನು ಕಳಿಸಲು ವಿಮಾನ ನಿಲ್ದಾಣಕ್ಕೆ ಹೋದೆವು. ಮಹಾಂತೇಶ ಸಾಮಾನು ಕೊಡುವ ಸಾಲಿನಲ್ಲಿದ್ದರು, ಅನನ್ಯಾ ಅಪ್ಪನ ಜೊತೆ. ಗಾಲಿಕುರ್ಚಿಯಲ್ಲಿ ಕೂತ ಅತ್ತೆಯ ಪಕ್ಕ ನಾನೊಬ್ಬಳೇ. ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಬೈಯೋದಿದ್ರೆ ಬೈದು ಹೋಗಿ. ಇನ್ನೊಂದು ಸಲ ಹಾಗೇ ಆದರೆ ನಾನೇನು ಮಾಡಬೇಕು? ಅದನ್ನಾದ್ರೂ ಹೇಳಿ."

ಮಹಾಂತೇಶ ಸಾಮಾನು ಕೊಟ್ಟು ನಮ್ಮ ಕಡೆ ಬರುತ್ತಿದ್ದರು. ಅತ್ತೆ ನನ್ನ ಕೈ ಹಿಡಿದು ತಮ್ಮ ಕಡೆ ಎಳೆದುಕೊಂಡರು.

"ಹಂಗೇ ಆದ್ರ, ನಾ ಮತ್ತ ಬಾಯಿ ಬಿಗಿ ಹಿಡೀತೀನಿ" ಎಂದರು. "ನೀ ಮತ್ತ ತೆಗಸ."